ನಮ್ಮನ್ನು ಕೇಳದೆ ಎಳೆದ ಗೆರೆ

ಮಕ್ಕಳೇ, ರೇಣುಕಾ, ಶರಣೂ, ಅಫಜಲಪುರದ ಬಸ್ ನಿಲ್ದಾಣದಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ತಾಲ್ಲೂಕು ಪಂಚಾಯತಿ ಚುನಾವಣೆಗೆ ನಮ್ಮ ಮಣ್ಣೂರನ್ನು ದೂರದ ಕ್ಷೇತ್ರಕ್ಕೆ ಸೇರಿಸುತ್ತಾರಂತೆ. ಭೀಮಾ ನದಿ ಊರೊಳಗೆ ನುಗ್ಗಿದರೆ ಅಲ್ಲಿಯ ಸದಸ್ಯ ಬರುವಷ್ಟರಲ್ಲಿ ನಮ್ಮ ಮನೆಗಳು ಉಳಿಯುವುದಿಲ್ಲ. ಆಕ್ಷೇಪಣೆ ಹೇಳಲು ಓಣಿಯ ಹೆಂಗಸರೆಲ್ಲ ಇಲ್ಲಿಯ ತಹಶೀಲ್ದಾರ್ ಕಚೇರಿಗೆ ಬಂದಿದ್ದೆವು.

ಸಾಹೇಬರು ತಲೆ ಎತ್ತಲಿಲ್ಲ. "ಅರ್ಜಿ ಇಟ್ಟು ಹೋಗ್ರಿ. ಕ್ಷೇತ್ರದ ಗೆರಿ ಎಳದ್ ಆಗ್ಯಾದ."

ಪಕ್ಕದ ಮನೆಯ ಚಾಂದಬೀ ಬಿಡಲಿಲ್ಲ. "ಹೊಲದ ಬದು ಒಂದು ಗೇಣು ಸರಿಸಬೇಕಂದ್ರ ಸರ್ವೇದವ್ರು ನಾಕೂ ಕಡಿಯವ್ರಿಗೆ ನೋಟಿಸ್ ಕೊಡ್ತಾರ್ರಿ. ನೀವು ಇಡೀ ಊರೇ ಸರಿಸೀರಿ, ಯಾರನ್ನ ಕೇಳೀರಿ?"

"ಹೊಲಾ ಬ್ಯಾರೆ, ವೋಟು ಬ್ಯಾರೆ ಆಯಿ," ಎಂದು ಅವರು ನಕ್ಕರು.

ಆ ನಗು ನನಗೆ ತಡೆಯಲಾಗಲಿಲ್ಲ. ಗಂಡಸರೆದುರು ಎಂದೂ ಬಾಯಿ ತೆರೆಯದವಳು ಅಂದೇಬಿಟ್ಟೆ: "ಹೌದ್ರಿ, ಬ್ಯಾರೆ. ಹೊಲಾ ಹೋದ್ರ ಕೋರ್ಟ್ ಅದ. ಇದು ಹೋದ್ರ ನೀರಾಗ ನಿಂತು ಯಾರನ್ನ ಕೂಗೂಣ್ರಿ?"

ನಗು ನಿಂತಿತು. ಆದರೆ ಸಾಹೇಬರು ಅರ್ಜಿಯನ್ನು ಓದಲಿಲ್ಲ, ಅದರ ಮೇಲೆ ಚಹಾದ ಲೋಟ ಇಟ್ಟರು. ಚಾಂದಬೀ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಅರ್ಜಿ ತಲುಪಿತೆಂದು ನಮ್ಮ ಪ್ರತಿಯ ಮೇಲೆ ಮುದ್ರೆ ಬೀಳುವ ತನಕ ನಾವು ಯಾರೂ ಕದಲಲಿಲ್ಲ.

ಮಣ್ಣೂರಿನವರು ಸುಮ್ಮನಿದ್ದರು ಎಂದು ನಾಳೆ ಯಾರಾದರೂ ಹೇಳಿದರೆ ತೋರಿಸಬೇಕು. ಈ ಪತ್ರವನ್ನೂ ಮುದ್ರೆ ಬಿದ್ದ ಪ್ರತಿಯನ್ನೂ ಜೋಪಾನವಾಗಿಡಿ.