ಫಾರ್ಮ್ಯಾಟ್ ಹೊಡೆದ ಭಾನುವಾರ

ಫೋನಿಗೆ ವೈರು, ಕಂಪ್ಯೂಟರಿಗೆ ಬಟ್ಟೆಯ ಹೊದಿಕೆ ಇದ್ದ ಕಾಲ ಅದು. ಹಾನುಬಾಳಿನಿಂದ ಮೂರು ಮೈಲಿ ಒಳಗಿದ್ದ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಜೀಪಿನ ಹಿಂಭಾಗದಲ್ಲಿ, ಎರಡು ಗೊಬ್ಬರದ ಚೀಲಗಳ ನಡುವೆ ಕೂತು. ಪಕ್ಕದ ದೊಡ್ಡ ಎಸ್ಟೇಟಿನ ಆಫೀಸಿನಲ್ಲಿ ಹೊಸದು ತಂದು ಹಳೆಯದನ್ನು ಮೂಲೆಗೆ ತಳ್ಳಿದ್ದರು. ಅಲ್ಲಿ ಲೆಕ್ಕ ಬರೆಯುವ ರೈಟರು ಅಪ್ಪನ ಸ್ನೇಹಿತರು. ‘ಮಗಳು ಓದ್ತಾಳಲ್ಲ, ತಗೊಂಡೋಗಿ’ ಎಂದು ಕೊಟ್ಟುಬಿಟ್ಟರು. ನಾನಾಗ ಒಂಬತ್ತನೇ ಕ್ಲಾಸು. ಬಟನ್ ಒತ್ತಿ ಅಡುಗೆಮನೆಗೆ ಹೋಗಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಆ ಡಬ್ಬ ಇನ್ನೂ ಗುರುಗುಟ್ಟುತ್ತಲೇ ಇರುತ್ತಿತ್ತು. ಆದರೆ ಸುತ್ತಮುತ್ತ ಕಂಪ್ಯೂಟರ್ ಇದ್ದ ಮನೆ ನಮ್ಮದೊಂದೇ, ನಮ್ಮ ಮನೆಯಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ. ನನಗೆ ಕೊಂಬು ಬರಲು ಅಷ್ಟು ಸಾಕಾಯಿತು.

ಅದಕ್ಕೆ ಹಳೇ ಸೀರೆಯಲ್ಲಿ ಹೊದಿಕೆ ಹೊಲಿದವಳು ಸುಶೀಲತ್ತೆ, ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು ಇಲ್ಲೇ ಉಳಿದಿದ್ದಳು. ನಮ್ಮ ಮನೆಯಲ್ಲಿ ಅವಳಿಲ್ಲದೆ ಒಂದು ಕೆಲಸವೂ ಸಾಗುತ್ತಿರಲಿಲ್ಲ, ಅವಳನ್ನು ಕೇಳಿ ಒಂದು ಕೆಲಸವೂ ಆಗುತ್ತಿರಲಿಲ್ಲ. ಇದು ನನಗೆ ಆಗ ಕಂಡಿರಲಿಲ್ಲ. ಮನೆ ಎಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಕಾಫಿ ಬೆಳೆಯುವವರಿಗೆ ಮಳೆ ಅಳೆಯುವ ಹುಚ್ಚಿದೆ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಗಳದ ಕಲ್ಲುಕಂಬದ ಮೇಲೆ ಡಬ್ಬ ಇಟ್ಟು, ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಎಷ್ಟು, ಇಂಚನ್ನು ನೂರು ಪಾಲು ಮಾಡಿದ ಸೆಂಟು ಎಷ್ಟು ಎಂದು ಬರೆದಿಟ್ಟು, ಆಮೇಲೆ ಫೋನಿನಲ್ಲಿ ‘ನಿಮ್ಮಲ್ಲಿ ಎಷ್ಟು ಬಿತ್ತು?’ ಎಂದು ಒಬ್ಬರನ್ನೊಬ್ಬರು ಕೇಳಿದರೇ ತಿಂಡಿ ಇಳಿಯುವುದು. ನಮ್ಮ ಅಜ್ಜ ಸಾಯುವವರೆಗೂ ಹೀಗೆ ಬರೆದವರು. ಬರೀ ಮಳೆಯಲ್ಲ, ಪಕ್ಕದಲ್ಲಿ ‘ಆಲಿಕಲ್ಲು’, ‘ಹೂ ಚೆನ್ನಾಗಿ ಕಟ್ಟಿತು’, ‘ಗೌರಿ ಹೆಣ್ಗರು ಹಾಕಿತು’ ಎಂದೆಲ್ಲ ಇರುತ್ತಿತ್ತು. ಅವರು ಹೋದ ಮೇಲೆ ಅಳೆಯುವ ಕೆಲಸ ಅತ್ತೆಗೆ ಬಂತು. ಒಂದು ವರ್ಷ ಪೆಟ್ಟಿಗೆ ತೆಗೆದು ನೋಡಿದರೆ ಅಜ್ಜನ ಪುಸ್ತಕಗಳಿಗೆಲ್ಲ ಗೆದ್ದಲು.

“ಸುಟ್ಟಾಕು ಅಕ್ಕ. ಇವತ್ತು ಪುಸ್ತಕ, ನಾಳೆ ತೊಲೆಗೆ ಹತ್ತುತ್ತೆ” ಎಂದರು ಅಪ್ಪ.

ಅತ್ತೆ ಪುಸ್ತಕಗಳನ್ನು ಬಿಸಿಲಿಗೆ ಹಾಕಿ, ನನ್ನ ಹತ್ತಿರ ಬಂದಳು. “ಪುಟ್ಟಿ, ಇದನ್ನ ನಿನ್ನ ಕಂಪ್ಯೂಟರಿಗೆ ಹಾಕಕ್ಕೆ ಆಗ್ತದಾ?”

“ಆಗ್ತದೆ. ಆದ್ರೆ ಕಲೀಬೇಕಾಗುತ್ತೆ ಅತ್ತೆ.”

“ಕಲಿಸು ಮತ್ತೆ.”

ಕಲಿಸಿದೆ. ಎಂಥ ಮೇಷ್ಟರಮ್ಮ ನಾನು! ಮೌಸನ್ನು ಸೌಟು ಹಿಡಿದ ಹಾಗೆ ಹಿಡಿಯುತ್ತಾಳೆಂದು ಬೈದೆ, ಕೇಳಿದ್ದನ್ನೇ ಕೇಳುತ್ತಾಳೆಂದು ಮುಖ ಸಿಂಡರಿಸಿದೆ. ಅವಳು ಬೇಸರಿಸಲಿಲ್ಲ. ಕ್ಯಾಲೆಂಡರಿನ ಹಾಳೆಯ ಹಿಂದೆ ‘ಮೊದಲು ಗುಂಡಿ ಒತ್ತೋದು, ಆಮೇಲೆ ಕಾಯೋದು’ ಎಂದು ಬರೆದು ಗೋಡೆಗೆ ಅಂಟಿಸಿಕೊಂಡಳು. ಮಧ್ಯಾಹ್ನ ಪಾತ್ರೆ ಮುಗಿಸಿ, ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿ, ಒಂದೇ ಬೆರಳಲ್ಲಿ ಒತ್ತುತ್ತಾ ಕೂರುತ್ತಿದ್ದಳು. ಅದರಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಅಜ್ಜನ ಹಸುವಿನ ಸುದ್ದಿಯನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕೂಡಿಸಿದಳು. ಅಜ್ಜನ ಕೈಬರಹ ಅವಳೊಬ್ಬಳಿಗೇ ಓದಲು ಬರುತ್ತಿತ್ತು. ಒಂದೊಂದು ಪುಸ್ತಕ ಮುಗಿದಂತೆ ಅದು ಬಚ್ಚಲುಮನೆಯ ಒಲೆಗೆ ಹೋಗುತ್ತಿತ್ತು. ಜೂನಿನಲ್ಲಿ ಶುರುವಾದದ್ದು ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮುಗಿಯಿತು.

ಆಮೇಲೆ ಒಂದು ವಿಚಿತ್ರ ನಡೆಯಿತು. ನಮ್ಮ ಮನೆಯ ಫೋನು ಅತ್ತೆಗಾಗಿ ಹೊಡೆದುಕೊಳ್ಳತೊಡಗಿತು. ಬೇಸಿಗೆಯಲ್ಲಿ ಕಾಫಿ ಹೂವಿಗೆ ಮೊದಲ ಮಳೆ ಬೇಕು. ಅದು ಬರುತ್ತದೋ ಇಲ್ಲವೋ, ಕಾಯಬೇಕೋ, ಕೆರೆಯಲ್ಲಿರುವ ನೀರನ್ನೇ ಸ್ಪ್ರಿಂಕ್ಲರಿನಲ್ಲಿ ಹೊಡೆಯಬೇಕೋ ಎಂದು ಎಲ್ಲರಿಗೂ ಚಡಪಡಿಕೆ. “ಸುಶೀಲಕ್ಕ ಐದಾರಾ? ಮಾರ್ಚ್ ಕೊನೆಗೆ ಎಷ್ಟು ವರ್ಷ ಬಂದೈತೆ ನೋಡಿ ಹೇಳಾಕಾಗ್ತದಾ?” ಎಂದು ಅಪ್ಪನಿಗಿಂತ ದೊಡ್ಡ ತೋಟದವರು ಕೇಳುತ್ತಿದ್ದರು. ಅತ್ತೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, “ಇರಿ, ಆನ್ ಮಾಡಿ ಹೇಳ್ತೀನಿ” ಎನ್ನುತ್ತಿದ್ದಳು. ಆ ಮಾತು ಹೇಳುವಾಗ ಅವಳ ದನಿಯೇ ಬೇರೆ. ಕಂಪ್ಯೂಟರ್ ಏಳುವಷ್ಟು ಹೊತ್ತೂ ಅವರು ಲೈನಿನಲ್ಲೇ ಕಾಯುತ್ತಿದ್ದರು.

ನನ್ನ ಚಿಂತೆ ಬೇರೆ ಇತ್ತು. ದೋಣಿಗಲ್‌ನ ನಮ್ಮ ದೊಡ್ಡಮ್ಮನ ಮಗ ನವೀನಣ್ಣ ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದವನು, ನನಗೊಂದು ಕಾರ್ ರೇಸಿನ ಸಿಡಿ ಕೊಟ್ಟಿದ್ದ. ಅವನ ಕಾಲೇಜಿನಲ್ಲಿ ಆ ಕಾರು ಬಾಣದಂತೆ ಓಡುತ್ತಿತ್ತಂತೆ. ನಮ್ಮ ಮನೆಯಲ್ಲಿ ಅದು ಗದ್ದೆಯಿಂದ ಮೇಲೆ ಬರುವ ಎಮ್ಮೆ. ನಾನು ಬಲಕ್ಕೆ ತಿರುಗಿಸಿದರೆ ಅದಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ಗುಡ್ಡಕ್ಕೆ ಗುದ್ದಿ ಆಗಿರುತ್ತಿತ್ತು. ಊಟ ಮಾಡುವಾಗಲೂ ಅದೇ ಯೋಚನೆ. ಪರೀಕ್ಷೆ ಮುಗಿದ ವಾರ ನವೀನಣ್ಣ ಫೋನ್ ಮಾಡಿ, ಸ್ನೇಹಿತನ ಕೆಟ್ಟುಹೋದ ಕಂಪ್ಯೂಟರಿನ ರ್‍ಯಾಮ್ ಸಿಕ್ಕಿದೆ, ಭಾನುವಾರ ತಂದು ಹಾಕುತ್ತೇನೆ, ಕಂಪ್ಯೂಟರ್ ಚುರುಕಾಗುತ್ತದೆ ಎಂದ.

ಆ ಭಾನುವಾರ ಅಮ್ಮ ಮತ್ತು ಅತ್ತೆ ಆಲೂರಿಗೆ, ನೆಂಟರ ಗೃಹಪ್ರವೇಶಕ್ಕೆ ಹೊರಟಿದ್ದರು. ಅತ್ತೆ ಹೊರಡುವ ಮುಂಚೆ ಮಿಡಿ ಉಪ್ಪಿನಕಾಯಿಯ ಬಾಟಲಿ ತಂದು ಮೇಜಿನ ಮೇಲಿಟ್ಟಳು. “ನವೀನಂಗೆ ಕೊಟ್ಟು ಕಳ್ಸು. ಪಾಪ, ಅಷ್ಟು ದೂರದಿಂದ ಬರ್ತಾನೆ. ಕಂಪ್ಯೂಟರ್ ಜೋರಾದ್ರೆ ನಂಗೂ ಒಳ್ಳೇದೇ, ಫೋನಲ್ಲಿ ಅವ್ರನ್ನ ಕಾಯ್ಸೋದು ತಪ್ಪುತ್ತೆ.”

ಅಪ್ಪ ತೋಟದಲ್ಲಿ ಪಂಪಿನ ಹತ್ತಿರ ಇದ್ದರು. ನವೀನಣ್ಣ ಡಬ್ಬ ಬಿಚ್ಚಿದ. ಒಳಗೆ ಬೆರಳುದ್ದ ಧೂಳು, ಮೂಲೆಯಲ್ಲಿ ಎರಡು ಹಲ್ಲಿಯ ಮೊಟ್ಟೆ. ನನ್ನ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ರ್‍ಯಾಮಿನ ಹಳದಿ ಹಲ್ಲುಗಳನ್ನು ಉಜ್ಜಿ ಉಜ್ಜಿ ಕೂರಿಸಿದ. ನೀರು ಹೊಡೆದ ಪಕ್ಕದ ತೋಟದಲ್ಲಿ ಆಗಲೇ ಹೂವರಳಿ, ಕಿಟಕಿಯಿಂದ ಘಮ್ಮೆಂದು ವಾಸನೆ ಬರುತ್ತಿತ್ತು. ಈಗಲೂ ಕಾಫಿ ಹೂವಿನ ವಾಸನೆ ಬಂದರೆ ಎಲ್ಲರೂ ಮೂಗರಳಿಸುತ್ತಾರೆ, ನಾನು ಮಾತ್ರ ಎದ್ದು ಕಿಟಕಿ ಮುಚ್ಚುತ್ತೇನೆ.

ಕಾರು ಸ್ವಲ್ಪ ಚುರುಕಾಯಿತು. ಆದರೂ ತಿರುವಿನಲ್ಲಿ ತಡವರಿಸುತ್ತಿತ್ತು.

“ಡಿಸ್ಕು ತುಂಬ್ಕೊಂಡೈತೆ ಕಣೇ. ಎಸ್ಟೇಟಿನವ್ರ ಹಳೇ ಕಸ ಎಲ್ಲ ಅದ್ರಲ್ಲೇ ಐತೆ” ಎಂದ ನವೀನಣ್ಣ. “ಫಾರ್ಮ್ಯಾಟ್ ಹೊಡ್ದು ಎಲ್ಲ ಹೊಸದಾಗಿ ಹಾಕಿದ್ರೆ ಓಡ್ತದೆ. ಒಳಗೆ ಬೇಕಾದ್ದು ಏನಾದ್ರೂ ಐತಾ? ಒಂದ್ಸಲ ಹೊಡುದ್ರೆ ದೇವ್ರು ಬಂದ್ರೂ ವಾಪಸ್ ಬರಲ್ಲ.”

ಅತ್ತೆಯ ಫೈಲನ್ನು ಮರೆತುಬಿಟ್ಟಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. “ತಡಿ, ಒಂದನ್ನ ಫ್ಲಾಪಿಗೆ ಹಾಕ್ಕೋಬೇಕು” ಎಂದವಳು ನಾನೇ. ಮನೆಯಲ್ಲಿದ್ದ ಎರಡೂ ಫ್ಲಾಪಿಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು. ಹಾಕಿದರೆ ಒಂದು ಕರಕರ ಎಂದಿತು, ಇನ್ನೊಂದು ಅದನ್ನೂ ಅನ್ನಲಿಲ್ಲ.

“ಸಕಲೇಶಪುರದಿಂದ ಹೊಸಾದು ತರಿಸಿಡು. ಮುಂದಿನ ಭಾನುವಾರ ಬಂದು ಮಾಡ್ಕೊಡ್ತೀನಿ. ನಂಗೆ ನಾಲ್ಕೂವರೆ ಬಸ್ಸಿಗೆ ಹೋಗ್ಬೇಕು.”

ಏಳು ದಿನ. ಅಷ್ಟೇ ಕೇಳಿದ್ದು ಅವನು. ನಾನು ಗಡಿಯಾರ ನೋಡಿದೆ, ಪರದೆಯ ಮೇಲೆ ನಿಂತಿದ್ದ ಕೆಂಪು ಕಾರನ್ನು ನೋಡಿದೆ.

“ಏನೂ ಬೇಡ, ಹೊಡಿ.”

“ಏನೋ ಹಾಕ್ಕೋಬೇಕು ಅಂದ್ಯಲ್ಲ?”

“ನನ್ನ ಸ್ಕೂಲಿಂದು. ಮುಗ್ದೋಗೈತೆ ಅದು.”

ಅವನು ಹೊಡೆದ. ಪರದೆಯಲ್ಲಿ ಒಂದು, ಎರಡು ಎಂದು ನೂರರವರೆಗೆ ಅಂಕಿ ಏರುತ್ತಾ ಹೋಯಿತು. ನಡುವೆ ಯಾವಾಗ ಬೇಕಾದರೂ ನಿಲ್ಲಿಸು ಎನ್ನಬಹುದಿತ್ತು, ಅಂದಿದ್ದರೆ ಏನಾದರೂ ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಅನ್ನಲಂತೂ ಇಲ್ಲ. ಉಪ್ಪಿನಕಾಯಿ ಬಾಟಲಿಯನ್ನು ಮಾತ್ರ ಮರೆಯದೆ ಅವನ ಚೀಲಕ್ಕೆ ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಕೆಳಗಿನ ತೋಟದ ಮಂಜಣ್ಣನವರ ಫೋನು ಬಂತು. ಅತ್ತೆ “ಇರಿ, ಆನ್ ಮಾಡಿ ಹೇಳ್ತೀನಿ” ಎಂದಳು. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ಅವಳಿಗೆ ಖುಷಿಯೋ ಖುಷಿ. ಸ್ವಲ್ಪ ಹೊತ್ತಾದ ಮೇಲೆ ಕರೆದಳು.

“ಪುಟ್ಟಿ, ನನ್ನ ಮಳೆ ಎಲ್ಲೋಯ್ತೇ? ಬಾ ಇಲ್ಲಿ.”

ನಾನು ಹೋಗಿ, ಗೊತ್ತಿಲ್ಲದವಳಂತೆ ಅಲ್ಲಿ ಇಲ್ಲಿ ಒತ್ತಿ ನೋಡಿದೆ. ಆಮೇಲೆ ಕೇಳಿದೆ, ಥೇಟ್ ಮೇಷ್ಟರಮ್ಮನ ದನಿಯಲ್ಲಿ, “ಶನಿವಾರ ಮುಚ್ಚುವಾಗ ಏನೊತ್ತಿದೆ ಅತ್ತೆ?”

“ನೀ ಹೇಳ್ಕೊಟ್ಟಂಗೇ ಒತ್ತಿದೆ ಕಣೇ.”

“ಡಿಲೀಟ್ ಒತ್ತಿರ್ತೀಯ. ನವೀನಣ್ಣ ಬಂದಾಗ್ಲೇ ಆ ಫೈಲ್ ಇರ್ಲಿಲ್ಲ.”

“ಒತ್ತಿದ್ನಾ?” ಎಂದು ಅತ್ತೆ ತನ್ನ ಬೆರಳನ್ನೇ ನೋಡಿಕೊಂಡಳು. “ಒತ್ತಿದ್ರೂ ಒತ್ತಿರ್ಬೋದು. ಅವತ್ತು ಕಣ್ಣು ಮಂಜುಮಂಜಾಗಿತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳ. ನಮ್ಮ ಮನೆಯಲ್ಲಿ ಕದಿಯದವಳು ಮುಟ್ಟಿ ನೋಡಿಕೊಂಡಳು, ಕದ್ದವಳು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದಳು. ಮಂಜಣ್ಣ ಲೈನಿನಲ್ಲೇ ಇದ್ದರು. ಅತ್ತೆ ರಿಸೀವರ್ ಎತ್ತಿ, “ನನ್ನ ಕೈಯಿಂದ ಹಾಳಾಗೋಯ್ತು ಮಂಜಣ್ಣ. ಎಲ್ಲ ಹೋಯ್ತು” ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ, “ಗೊತ್ತಿಲ್ದೇ ಇರೋದಕ್ಕೆ ಕೈ ಹಾಕ್ಬಾರ್ದು ಅಂತ ಹೇಳ್ತಾರಲ್ಲ, ಇದಕ್ಕೇ” ಎಂದರು. ಅತ್ತೆ ನನ್ನ ತಟ್ಟೆಗೆ ಎಳೆ ಹಲಸಿನ ಪಲ್ಯ ಬಡಿಸುತ್ತಿದ್ದಳು. ಬಗ್ಗಿದವಳು ಸಣ್ಣ ದನಿಯಲ್ಲಿ ನನ್ನನ್ನೇ ಕೇಳಿದಳು. “ನಿನ್ನ ಆಟನೂ ಹಾಳ್ಮಾಡ್ಬುಟ್ನೇನೋ ಮಗ?”

“ಇಲ್ಲ, ಅದು ಐತೆ” ಎಂದೆ.

“ಸದ್ಯ” ಎಂದಳು.

ಆ ‘ಸದ್ಯ’ವನ್ನು ಮೀರಿದ ಪೆಟ್ಟು ಆಮೇಲೆ ನನಗೆ ಯಾರಿಂದಲೂ ಬಿದ್ದಿಲ್ಲ. ಆದರೂ ಸಂಜೆ ಹೋಗಿ ಆಟ ಆಡಿದೆ, ಅದನ್ನೂ ಹೇಳಿಬಿಡುತ್ತೇನೆ. ಕಾರು ನೀರಿನಂತೆ ಹರಿಯಿತು. ಗೆದ್ದೆ. ಅತ್ತೆ ಬಾಗಿಲಿನಾಚೆ ನಿಂತು, “ಎಷ್ಟು ಚೆನ್ನಾಗಿ ಓಡ್ತದೆ” ಎಂದಳು. ಒಳಗೆ ಬರಲಿಲ್ಲ. ಆವತ್ತಿನಿಂದ ಅವಳು ಆ ಮೇಜಿನ ಹತ್ತಿರ ಬಂದದ್ದು ಕಸ ಗುಡಿಸಲು ಮಾತ್ರ. ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನ ಹಾಳೆಯನ್ನು ತಾನೇ ಕಿತ್ತಳು.

ಫೋನುಗಳು ಇನ್ನೂ ಸ್ವಲ್ಪ ದಿನ ಬಂದವು. ಪ್ರತಿಯೊಬ್ಬರಿಗೂ ಅವಳು ಅದೇ ಮಾತು ಹೇಳಿದಳು, ನನ್ನ ಕೈಯಿಂದ ಹಾಳಾಯ್ತು ಎಂದು. ಕೋಣೆಯಲ್ಲಿ ಕೂತು ಪ್ರತಿ ಸಲವೂ ಕೇಳಿಸಿಕೊಂಡೆ. ಈ ಸಲ ಎದ್ದು ಹೋಗಿ ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಅಷ್ಟರಲ್ಲಿ ಅವಳು ಫೋನು ಇಟ್ಟಾಗಿರುತ್ತಿತ್ತು. ಮುಂದಿನ ಬೇಸಿಗೆಗೆ ಸುಶೀಲಕ್ಕ ಐದಾರಾ ಎಂದು ಯಾರೂ ಕೇಳಲಿಲ್ಲ. ಫೋನು ಮತ್ತೆ ಅಪ್ಪನದಾಯಿತು.

ನಾನೀಗ ಹಾಸನದಲ್ಲಿ ಹೈಸ್ಕೂಲು ಟೀಚರು. ಮಕ್ಕಳು ತಪ್ಪು ಮಾಡಿ ಇನ್ನೊಬ್ಬರ ಕಡೆ ಬೆರಳು ತೋರಿಸಿದಾಗ ಗದರಲು ಬಾಯಿ ಬರುವುದಿಲ್ಲ. ಅತ್ತೆಗೆ ಎಪ್ಪತ್ತಾಗುತ್ತಾ ಬಂತು. ಯುಗಾದಿಗೆ ಹೋದಾಗ ಸಿಮ್ ಹಾಕಿಸಿ, ನಂಬರನ್ನು ನೆಂಟರಿಗೆಲ್ಲ ತಿಳಿಸಿ, ಅವಳಿಗೊಂದು ಟಚ್ ಫೋನ್ ಒಯ್ದುಕೊಟ್ಟೆ. ಅವಳ ಓರಗೆಯ ಹೆಂಗಸರೆಲ್ಲ ವಿಡಿಯೋದಲ್ಲಿ ಮೊಮ್ಮಕ್ಕಳ ಜೊತೆ ಮಾತಾಡುತ್ತಾರೆ, ಅಡುಗೆ ನೋಡುತ್ತಾರೆ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ತೆರೆಯದೆ, “ನಂಗ್ಯಾಕೆ ಇದೆಲ್ಲ. ನಾನು ಮುಟ್ಟಿದ್ರೆ ಏನಾದ್ರೂ ಆಗೋಗ್ತದೆ. ಗೊತ್ತಲ್ಲ ನಿಂಗೆ” ಎಂದು ನಕ್ಕಳು.

ನನಗೆ ತಡೆಯಲಿಲ್ಲ. ಎಲ್ಲ ಹೇಳಿದೆ. ನವೀನಣ್ಣ, ಬೂಷ್ಟು ಹಿಡಿದ ಫ್ಲಾಪಿ, ಏಳು ದಿನ, ನಾನು ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಅಳುತ್ತಾ ಹೇಳಿದೆ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದಳು.

“ನೀ ಚಿಕ್ಕೋಳಿದ್ದಾಗಿಂದ್ಲೂ ಹಿಂಗೇ. ನಂಗೆ ಬೇಜಾರಾದ್ರೆ ತಡ್ಕೊಳಲ್ಲ ನೀನು” ಎಂದಳು. “ನನ್ನ ತಪ್ಪನ್ನ ನಿನ್ನ ತಲೆ ಮೇಲೆ ಯಾಕ್ ಹಾಕ್ಕೊಳ್ತೀಯ ಮಾರಾಯ್ತಿ?”

“ಇಲ್ಲ ಅತ್ತೆ, ನಿಜವಾಗ್ಲೂ ನಾನೇ.”

“ಆಯ್ತು, ನೀನೇ. ಸಮಾಧಾನ ಆಯ್ತಾ?” ಎಂದು ಬೆನ್ನು ತಟ್ಟಿ, ಒಳಗೆ ಅಮ್ಮನಿಗೆ ಕೇಳುವಂತೆ, “ನೋಡೇ, ಎಂಥ ಹುಡ್ಗೀನ ಹೆತ್ತಿದೀಯ” ಎಂದಳು. ಹೊಗಳಿದ್ದು.

ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವಳು, ನಿಜವನ್ನು ಎಷ್ಟು ಹೇಳಿದರೂ ನಂಬಲಿಲ್ಲ. ಹೋದ ಮಳೆಯ ಫೈಲಿಗೆ ನಾನೀಗ ಅಳುವುದಿಲ್ಲ. ತನ್ನ ಕೈ ಮೇಲೆ ತನಗೇ ನಂಬಿಕೆ ಇದ್ದ ಹೆಂಗಸೊಬ್ಬಳು ನಮ್ಮ ಮನೆಯಲ್ಲಿ ಒಂದೇ ಒಂದು ಬೇಸಿಗೆ ಇದ್ದಳು, ನನಗಾಗಿ ಒಂದು ಕಾರು ಓಡಬೇಕಿತ್ತೆಂದು ಅವಳು ಹೋದಳು.

ಅವಳು ನನ್ನ ಬೆನ್ನು ತಟ್ಟುತ್ತಿದ್ದ ಹಾಗೇ ಮಡಿಲಲ್ಲಿದ್ದ ಹೊಸ ಫೋನು ರಿಂಗಾಯಿತು. ಅತ್ತೆ ಬೆಚ್ಚಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು.

“ನೀನೇ ಎತ್ತೇ ಪುಟ್ಟಿ. ನಂಗೆ ಭಯ.”