ಬೋಲ್ಟು ಹಾಕಿದ ಕುರ್ಚಿ

ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಅದೇ ಕೆಲಸ. ಲಿಫ್ಟು ಮಹಡಿಯ ನೆಲಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತರೂ ಆ ದಿನ ಅವರಿಗೆ ಊಟ ರುಚಿಸುವುದಿಲ್ಲ. ಐದನೇ ಮಹಡಿಯಲ್ಲಿ ಸವೆದ ಬೇರಿಂಗಿನ ಸದ್ದನ್ನು ಕೆಳಗೆ ನಿಂತೇ ಹಿಡಿಯುವ ಕಿವಿ ಅವರದು. ಅಂಥವರಿಗೆ ಮನೆಯೊಳಗಿನ ಒಂದು ಡಬ್ಬ ಮೂರು ವಾರ ನೀರು ಕುಡಿಸಿತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಆ ಮೂರು ವಾರ ಅದನ್ನು ಹೊತ್ತು ಸುತ್ತಿದವಳು ನಾನು.

ಡಬ್ಬ ಅಂದರೆ ಸಬ್‌ವೂಫರ್. ಹಾಡಿನ ತಗ್ಗು ಸ್ವರಗಳನ್ನಷ್ಟೇ ನುಡಿಸುವ ಕಪ್ಪು ಪೆಟ್ಟಿಗೆ, ಎತ್ತಿದರೆ ಸೊಂಟ ಮುರಿಯಬೇಕು. ಇವರಿಗೆ ಹಾಡಿನ ಹುಚ್ಚೇನೂ ಇಲ್ಲ. ಬೇಕಾಗಿದ್ದದ್ದು ಒಂದೇ ಹಾಡು. ನಮ್ಮ ಮಾವ ಒಂದು ವಾದ್ಯತಂಡದಲ್ಲಿ ಆ ತಗ್ಗು ಸ್ವರಗಳ ಬೇಸ್ ಗಿಟಾರ್ ನುಡಿಸುತ್ತಿದ್ದರು. ಇವರಿಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡರು. ಉಳಿದಿರುವುದು ಒಂದು ಕ್ಯಾಸೆಟ್ಟು, ಅದರಲ್ಲಿ ಒಂದೇ ಹಾಡು. ಗಾಯಕ ಕೇಳಿಸುತ್ತಾನೆ, ಟ್ರಂಪೆಟ್ ಕೇಳಿಸುತ್ತದೆ, ಡ್ರಮ್ಮಿನವನ ಕೆಮ್ಮೂ ಕೇಳಿಸುತ್ತದೆ. ಮಾವ ಮಾತ್ರ ಕೇಳಿಸುವುದಿಲ್ಲ. ಇಯರ್‌ಫೋನಿನಲ್ಲಿ ಏನೋ ಗೊರಗೊರ ಬರುತ್ತಿತ್ತು. ಅದು ಅಪ್ಪನೋ, ಹಳೇ ಟೇಪಿನ ಸದ್ದೋ ತಿಳಿಯದೆ ಒದ್ದಾಡುತ್ತಿದ್ದರು. "ಅಪ್ಪನ ಮುಖ ಹೇಗೂ ನೆನಪಿಲ್ಲ, ಕೈಯಾದ್ರೂ ಕೇಳಿಸ್ಕೋಬೇಕು" ಎಂದು ಒಮ್ಮೆ ಹೇಳಿದ್ದರು. ಅದಕ್ಕೇ ನಾನು ಬೇಡವೆನ್ನಲಿಲ್ಲ.

ಹಿಂದಿನ ಕೋಣೆ ಖಾಲಿ ಮಾಡಿದೆವು. ಅಲ್ಲಿ ಗೋಡೆಗೊರಗಿ ಕೂತು ಹಳೇ ಬಟ್ಟೆಗೆ ಹೊಲಿಗೆ ಹಾಕುವುದು ಅತ್ತೆಯ ಅಭ್ಯಾಸ. ಬೆಳಕು ಚೆನ್ನಾಗಿದೆಯೆಂದು ಅವರು ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ಇವರು ಟೇಪು ಹಿಡಿದು ಕೋಣೆ ಅಳೆದು, ನಾಲ್ಕೂ ಗೋಡೆಗಳಿಗೆ ನಟ್ಟನಡುವೆ ಕುರ್ಚಿ ಇಟ್ಟರು. ನಾನು ಗುಡಿಸುವಾಗ ಅದು ಎರಡು ಬೆರಳು ಜರುಗಿತು. ಮರುದಿನವೇ ಡ್ರಿಲ್ ತಂದು ಕುರ್ಚಿಯ ನಾಲ್ಕೂ ಕಾಲುಗಳನ್ನು ನೆಲಕ್ಕೆ ಸೇರಿಸಿ ಬೋಲ್ಟು ಹಾಕಿಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಲಿಫ್ಟಿನ ಮೋಟಾರು ಕೂರಿಸಿದ ಹಾಗೆ ಕುರ್ಚಿ ಕೂರಿಸುವವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಆಮೇಲೆ ಶುರುವಾಯಿತು ನೋಡಿ. ಡಬ್ಬವನ್ನು ಮುಂದಿನ ಗೋಡೆಗೆ ಇಟ್ಟು ಕೂತು ಕೇಳಿದರು, ಇಲ್ಲ. ಕಿಟಕಿಯ ಕೆಳಗೆ, ಇಲ್ಲ. ಗೋಡೆ ಬೀರುವಿನ ಪಕ್ಕ, ಇಲ್ಲವೇ ಇಲ್ಲ. ಪ್ರತಿಸಲವೂ ಎತ್ತಲು ನಾನು, ಮಟ್ಟ ನೋಡಲು ಅವರು. ಸದ್ದು ಜಾಸ್ತಿ ಮಾಡಿದರೆ ಕೆಳಮನೆಯ ದರ್ಜಿ ಹತ್ತಿ ಬಂದು, ತನ್ನ ಕತ್ತರಿ ಮೇಜಿನ ಮೇಲೆ ಕುಣಿಯುತ್ತಿದೆ ಎಂದು ಜಗಳ ತೆಗೆದ. ಕೆಳಗಿನವನಿಗೆ ಕತ್ತರಿ ಕುಣಿಯುವಷ್ಟು ಕೇಳಿಸುತ್ತದೆ, ಎದುರಿಗೇ ಕೂತವರಿಗೆ ಏನೂ ಇಲ್ಲ! ಆ ಸಿಟ್ಟನ್ನು ಇವರು ನನ್ನ ಮೇಲೆ ತೀರಿಸಿಕೊಂಡರು, ನಾನು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಅತ್ತೆ ಮಾತ್ರ ತಮ್ಮ ಪಾಡಿಗೆ ಹೊಲಿಯುತ್ತಿದ್ದರು. ಹಾಡನ್ನು ನಡುವೆ ನಿಲ್ಲಿಸಿದಾಗ ಮಾತ್ರ ಸೂಜಿ ನಿಲ್ಲಿಸಿ ಮಗನನ್ನು ನೋಡುತ್ತಿದ್ದರು.

ಡಬ್ಬ ಮಾರಿದ ಅಂಗಡಿಯವನಿಗೆ ಫೋನು ಮಾಡಿದರೆ ಆತ ಒಂದು ಉಪಾಯ ಹೇಳಿದ. ಡಬ್ಬವನ್ನೇ ಕುರ್ಚಿಯ ಮೇಲಿಟ್ಟು ಹಾಡು ಹಾಕಿ, ನೀವು ಗೋಡೆಗುಂಟ ಅಂಬೆಗಾಲಿಡುತ್ತ ಸುತ್ತಿ. ಎಲ್ಲಿ ಚೆನ್ನಾಗಿ ಕೇಳಿಸುತ್ತದೋ ಅಲ್ಲಿ ಡಬ್ಬ ಇಡಿ ಎಂದ. ಐವತ್ತೆರಡರ ಮನುಷ್ಯ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಕೊನೆಗೆ ಭಾನುವಾರ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ ಮಂಡಿಯೂರಿದರು. ಮೊದಲ ಸುತ್ತಿನಲ್ಲಿ ನಾನು ನಗು ತಡೆಯಲು ಬಾಯಿಗೆ ಕೈ ಇಟ್ಟುಕೊಂಡಿದ್ದೆ. ಎರಡನೇ ಸುತ್ತು ಮುಗಿಯುವಾಗ ನಗು ಎಲ್ಲಿ ಹೋಯಿತೋ. ಯಾವ ಮೂಲೆಯಲ್ಲೂ ಆ ಸ್ವರ ಇರಲಿಲ್ಲ. ಇವರು ಅತ್ತೆಯ ಪಕ್ಕದಲ್ಲಿ ಗೋಡೆಗೊರಗಿ ಕುಸಿದು ಕೂತರು.

"ಅಪ್ಪ ನುಡಿಸೇ ಇಲ್ಲ ಅನ್ಸುತ್ತೆ" ಎಂದರು. "ಸುಮ್ನೆ ಲೆಕ್ಕಕ್ಕೆ ನಿಂತಿದ್ರೇನೋ."

ನನಗೆ ಆ ಡಬ್ಬದ ಮೇಲೆ ಮೈಯೆಲ್ಲ ಉರಿಯಿತು. ಸಾಕಪ್ಪ ಇದರ ಸಹವಾಸ ಎಂದು ಅದನ್ನು ಕುರ್ಚಿಯಿಂದ ಇಳಿಸಿ, ವೈರು ಸಮೇತ ಎಳೆದು ಎದುರಿನ ಮೂಲೆಗೆ ತಳ್ಳಿದೆ. ಹಾಡು ಇನ್ನೂ ನಡೆದೇ ಇತ್ತು.

ಇವರು ತಟ್ಟನೆ ಬೆನ್ನು ನೆಟ್ಟಗೆ ಮಾಡಿ, ಅಂಗೈಯನ್ನು ನೆಲಕ್ಕೆ ಒತ್ತಿದರು. ನಾನೂ ಓಡಿ ಹೋಗಿ ಪಕ್ಕದಲ್ಲಿ ಕೂತೆ. ಹಾಡಿನ ಅಡಿಯಲ್ಲಿ ದಪ್ಪ ಸ್ವರಗಳು ಒಂದೊಂದಾಗಿ ಹೆಜ್ಜೆಯಿಟ್ಟು ಬರುತ್ತಿದ್ದವು. ಎದ್ದು ನಡುವಿನ ಕುರ್ಚಿಯಲ್ಲಿ ಕೂತೆ, ಮಾಯ. ಮತ್ತೆ ಗೋಡೆಯ ಬಳಿ ಬಂದೆ, ಇದೆ. ಆ ಸ್ವರ ಗೋಡೆಗಳ ಹತ್ತಿರ ತುಂಬಿಕೊಂಡು, ಕೋಣೆಯ ನಟ್ಟನಡುವೆ ಸತ್ತುಹೋಗುತ್ತಿತ್ತು. ಡಬ್ಬವನ್ನು ಆ ನಡುವೆ ಇಟ್ಟರೆ ಅದೂ ಮೂಕವಾಗುತ್ತಿತ್ತು. ಇವರು ಅಳೆದೂ ಅಳೆದೂ, ಬೋಲ್ಟು ಬಿಗಿದು, ಸರಿಯಾಗಿ ಅಲ್ಲೇ ಕೂತಿದ್ದರು.

"ಅಮ್ಮಾ, ನಿನಗೆ ಮೊದಲಿಂದ್ಲೂ ಕೇಳಿಸ್ತಿತ್ತಾ?"

"ಕೇಳಿಸ್ದೆ ಏನು? ಮೂರು ವಾರದಿಂದ ದಿನಾ ಕೇಳ್ತಿದ್ದೀನಿ" ಎಂದರು ಅತ್ತೆ. "ನನಗೋಸ್ಕರ ಹಾಕ್ತಿದ್ದೀಯ ಅಂದ್ಕೊಂಡಿದ್ದೆ."

ಆ ಮೂರು ವಾರವೂ ಅವರ ಕಾಲು ದಾಟಿಕೊಂಡೇ ಡಬ್ಬ ಸಾಗಿಸಿದ್ದೆವು. ನಿಮಗೆ ಕೇಳಿಸುತ್ತಾ ಎಂದು ಒಂದು ಮಾತು ಕೇಳಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅತ್ತೆ ದಾರ ಕಡಿದು ಬಟ್ಟೆ ಪಕ್ಕಕ್ಕಿಟ್ಟರು.

"ಎರಡನೇ ಚರಣದಲ್ಲಿ ಒಂದು ಕಡೆ ತಪ್ತಾರೆ ನಿಮ್ಮಪ್ಪ" ಎಂದರು. "ಈ ಹಾಡು ರೆಕಾರ್ಡ್ ಮಾಡೋ ಹಿಂದಿನ ದಿನದಿಂದ ನಿನಗೆ ವಿಪರೀತ ಜ್ವರ. ಬೆಳಗಾಗೋವರೆಗೂ ನಿನ್ನನ್ನ ಹೆಗಲ ಮೇಲೆ ಹಾಕ್ಕೊಂಡು ಓಡಾಡಿ, ನಿದ್ದೆಗಣ್ಣಲ್ಲೇ ನುಡಿಸೋಕೆ ಹೋಗಿದ್ರು."

ಹಾಡನ್ನು ಮೊದಲಿನಿಂದ ಹಾಕಿದೆ. ಎರಡನೇ ಚರಣ ಬಂತು. ದಪ್ಪ ಸ್ವರ ಒಂದು ಕಡೆ ತಡವರಿಸಿ, ತಡವಾಗಿ ಬಿತ್ತು. ಕೂದಲೆಳೆಯ ತಪ್ಪಿಗೂ ಊಟ ಬಿಡುವ ಮನುಷ್ಯ ತಾಯಿಯ ಭುಜಕ್ಕೆ ತಲೆಯಿಟ್ಟು ಅಳುತ್ತಲೇ ನನಗೆ ಹೇಳಿದರು:

"ಅದೊಂದು ಜಾಗ ಇನ್ನೊಂದ್ಸಲ ಹಾಕು."