ಬಂತು, ತಪ್ಪಿತು, ಬರಲಿಲ್ಲ

ಮೂವತ್ತೊಂದು ವರ್ಷ ಗುಂಡುಗಳ ಕೆಳಗೆ ಕೂತು ಅನ್ನ ಸಂಪಾದಿಸಿದ ಬಂತಣ್ಣ ಒಂದು ದಿನವೂ ರೈಫಲ್ ಹಿಡಿದವನಲ್ಲ. ಅವನ ಕೆಲಸದ ಜಾಗ ಗುರಿಹಲಗೆಗಳ ಬುಡದಲ್ಲಿರುವ ಕಂದಕ. ಮುಂದೆ ಆಳೆತ್ತರಕ್ಕಿಂತ ಎತ್ತರದ ಕಾಂಕ್ರೀಟು ಗೋಡೆ, ಅದಕ್ಕೆ ಆಚೆಯಿಂದ ಒತ್ತಿ ಪೇರಿಸಿದ ಮಣ್ಣು. ಹಿಂದೆ ಗುಂಡುಗಳನ್ನೆಲ್ಲ ನುಂಗಿಕೊಳ್ಳುವ, ಮೊಳಕಾಲುದ್ದ ಹುಲ್ಲು ಬೆಳೆದ ಗುಡ್ಡೆ. ಒಂಬೈನೂರು ಮೀಟರ್ ದೂರದಲ್ಲಿ ಸ್ಪರ್ಧಿಗಳು ಬೋರಲಾಗಿ ಮಲಗಿ ಗುಂಡು ಹಾರಿಸುತ್ತಾರೆ. ಅದು ಅವನ ತಲೆಯ ಮೇಲಿನ ಕಾಗದವನ್ನು ತೂತು ಮಾಡಿ ಗುಡ್ಡೆಯೊಳಗೆ ಹೊಗುತ್ತದೆ. ಕೂಡಲೇ ಕಾಗದದ ಚೌಕಟ್ಟನ್ನು ಹಗ್ಗ ಹಿಡಿದು ಕೆಳಗೆಳೆಯಬೇಕು, ಹಳೆಯ ತೂತಿಗೆ ತೇಪೆ ಹಚ್ಚಬೇಕು, ಹೊಸ ತೂತಿಗೆ ಬಣ್ಣದ ಬಿಲ್ಲೆ ಸಿಕ್ಕಿಸಿ ಮತ್ತೆ ಮೇಲಕ್ಕೆ ಕಳಿಸಬೇಕು. ಮಾರ್ಕರನ ಕೆಲಸದಲ್ಲಿ ಇಷ್ಟನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು.

ಕಲಿಯಲಾಗದ್ದು ಕಿವಿಯ ಕೆಲಸ. ಗುಂಡು ಶಬ್ದಕ್ಕಿಂತ ವೇಗವಾಗಿ ಬರುತ್ತದೆ. ಹಾಗಾಗಿ ಮೊದಲು ತಲೆಯ ಮೇಲೆ ಚಾಟಿ ಬೀಸಿದಂತೆ 'ಚಟ್' ಎನ್ನುತ್ತದೆ. ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಕಳೆದ ಮೇಲೆ, ಹಾರಿಸಿದ ರೈಫಲ್ಲಿನ ಸದ್ದು 'ಧಬ್' ಎಂದು ಬಂದು ಸೇರುತ್ತದೆ. ಚಟ್ ಎಂದು ತೂತೂ ಬಿದ್ದರೆ ಅವನು 'ಬಂತು' ಎನ್ನುತ್ತಿದ್ದ. ಚಟ್ ಎಂದರೂ ಕಾಗದದಲ್ಲಿ ತೂತಿಲ್ಲದಿದ್ದರೆ 'ತಪ್ಪಿತು'. ಚಟ್ ಎನ್ನದೆ ಬರೀ ಧಬ್ ಎಂದರೆ ಮೂರನೆಯ ಮಾತು: 'ಬರಲಿಲ್ಲ'. ಮೊದಲನೆಯದನ್ನೇ ದಿನಕ್ಕೆ ಮುನ್ನೂರು ಸಲ ಕೂಗುತ್ತಿದ್ದುದರಿಂದ ಬಂತಣ್ಣ ಎಂಬ ಹೆಸರು ಅಂಟಿತು. ಮೂರನೆಯದನ್ನು ಅವನು ವರ್ಷಕ್ಕೊಮ್ಮೆ ಹೇಳಿದರೆ ಹೆಚ್ಚು. ಆ ಬೇಸಿಗೆಯಲ್ಲಿ ಮಾತ್ರ, ಮೂರು ಸ್ಪರ್ಧೆಗಳಲ್ಲಿ, ಏಳು ಸಲ ಹೇಳಿದ. ಏಳೂ ಒಬ್ಬರವೇ.

ಆಕೆ ಗಡಿಯಾರ ರಿಪೇರಿ ಮಾಡುವ ಹೆಂಗಸು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸುವ ಕೈ. ಆ ಕೈ ರೈಫಲ್ಲಿಗೂ ಒಗ್ಗಿತ್ತು. ಶೂಟಿಂಗ್ ರೇಂಜಿನ ತಂಡದಲ್ಲಿ ಹನ್ನೆರಡು ವರ್ಷದಿಂದ ಇದ್ದರು. ಈಗ ಹತ್ತರಲ್ಲಿ ಒಂಬತ್ತು ಗುಂಡು ಕಪ್ಪು ವೃತ್ತದೊಳಗೆ, ಹತ್ತನೆಯದಕ್ಕೆ ಸೊನ್ನೆ. ಕೈ ನಡುಗುತ್ತಿದೆಯಂತೆ, ವಯಸ್ಸಾಯಿತಂತೆ ಎಂದು ಅಂತೆಕಂತೆಗಳು ಹಬ್ಬಿದವು.

"ಕೈಯಲ್ಲ ಸಾರ್, ಗುಂಡೇ ಬರ್ತಿಲ್ಲ," ಎಂದ ಬಂತಣ್ಣ, ರೇಂಜಿನ ಕಾರ್ಯದರ್ಶಿಯ ಮುಂದೆ ನಿಂತು. "ದಾರೀಲೇ ಒಡೆದುಹೋಗ್ತಿದೆ."

ಟೀ ಕೋಣೆಯ ಮೂಲೆಯಲ್ಲಿದ್ದ ಅವನ ಭಾವಮೈದುನ ಲೋಟ ಕೆಳಗಿಟ್ಟ. ಆಕೆಯ ಗುಂಡುಗಳನ್ನು ಮಾಡಿಕೊಡುತ್ತಿದ್ದವನು ಅವನೇ. ಮನೆಯ ಹಿಂಬದಿಯ ಕೋಣೆಯಲ್ಲಿ ಉದ್ದ ಹಿಡಿಯ ಎರಡು ಪ್ರೆಸ್ಸು, ಡಬ್ಬಿಗಟ್ಟಲೆ ತಾಮ್ರದ ಪುಟ್ಟ ಬಟ್ಟಲು, ಸುರುಳಿ ಸುತ್ತಿದ ಸೀಸದ ತಂತಿ, ಎಲ್ಲದರ ಮೇಲೂ ಅಚ್ಚಿಗೆ ಸವರುವ ಉಣ್ಣೆಯ ಜಿಡ್ಡಿನ ವಾಸನೆ. ಸೀಸದ ತುಂಡನ್ನು ಬಟ್ಟಲೊಳಗೆ ಒತ್ತಿ, ಮೂತಿ ಚೂಪು ಮಾಡಿದರೆ ಗುಂಡಾಯಿತು. ಒಳಗಿನ ತಿರುಳು ಸೀಸ, ಹೊರಗಿನ ಜಾಕೆಟ್ ತಾಮ್ರ. ಒಂದೊಂದನ್ನೂ ತೂಗಿ, ಉರುಳಿಸಿ ನೋಡಿ, ಕೂಸಿನಂತೆ ಡಬ್ಬಿಯಲ್ಲಿ ಮಲಗಿಸುತ್ತಿದ್ದ.

"ಭಾವ, ಕುಣಿಯಲಾರದವರು ನೆಲ ಡೊಂಕು ಅಂದ್ರಂತೆ. ಅವರ ಪರವಾಗಿ ನೀವ್ಯಾಕೆ ಅಂತೀರಿ?"

"ನಿಂದು ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಹಾಗೆ. ನಿನ್ನ ಜಾಕೆಟ್ಟು ತೆಳ್ಳಗಾಗಿದೆ ಕಣಯ್ಯ."

"ತೆಳ್ಳಗಾಗಿದ್ದು ನಿಮ್ಮ ಕಿವಿ. ಮೊನ್ನೆ ನಾನು ಬಾಗಿಲ ಗಂಟೆ ಎಷ್ಟು ಸಲ ಒತ್ತಿದೆ ಗೊತ್ತಾ? ಕೊನೆಗೆ ಕಿಟಕೀಲಿ ಕೈ ಆಡಿಸಿದೆ, ಆಗ ನೋಡಿದ್ರಿ."

ಕೋಣೆಯಲ್ಲಿದ್ದವರು ನಕ್ಕರು. ಬಂತಣ್ಣನೂ ನಕ್ಕ, ಆದರೆ ಮಾತು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತ್ತು. ಕಾರ್ಯದರ್ಶಿ ಅಡ್ಡಗೋಡೆಯ ಮೇಲೆ ದೀಪವಿಟ್ಟು ಬದುಕಿದ ಮನುಷ್ಯ. ಅವರೂ ಈ ಸಲ ಸುತ್ತಿ ಬಳಸಿ ಒಂದು ಕಡೆಗೆ ಬಂದರು.

"ನೋಡಿ, ನೀವು ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ ಇಷ್ಟು ವರ್ಷ ಬರ್ಕೊಂಡಿದ್ದೀವಿ. ಆದ್ರೆ ಇದು ಒಬ್ಬರ ಜಾಗದ ಪ್ರಶ್ನೆ, ಇನ್ನೊಬ್ಬರ ಕಸುಬಿನ ಪ್ರಶ್ನೆ. ಭಾನುವಾರ ಪರೀಕ್ಷೆ ಮಾಡೋಣ. ಗುಂಡಿಗೂ ಆಗುತ್ತೆ, ನಿಮ್ಮ ಕಿವಿಗೂ ಆಗುತ್ತೆ. ಕಿವೀದೇ ತಪ್ಪು ಅಂತಾದ್ರೆ, ಹಿರಿಯ ಮಾರ್ಕರ್ ಕೆಲಸಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬಂತಣ್ಣನ ಹೆಂಡತಿಯೂ ಕಂದಕದಲ್ಲೇ ಕೆಲಸಕ್ಕಿದ್ದವಳು. ಹದಿನಾಲ್ಕು ವರ್ಷದಿಂದ ತೇಪೆ ಕತ್ತರಿಸುವುದು, ಚೌಕಟ್ಟು ಎಳೆಯುವುದಕ್ಕೆ ಕೈಕೊಡುವುದು ಅವಳ ಪಾಲು. ಆ ದಿನ ಸಂಜೆ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನಿಂತಿತ್ತು. ಅವಳು ಮಾರುಕಟ್ಟೆಯಿಂದ ಬಂದವಳೇ ಅದರ ಮುಚ್ಚಳ ತೆಗೆದಳು.

"ಎಷ್ಟೊತ್ತಾಯ್ತು ರೀ ಇದು ನಿಂತು?"

"ಈಗ ನಿಂತಿರ್ಬೇಕು."

"ನಿಮ್ಮ ಪಕ್ಕದಲ್ಲೇ ಕುಯ್ ಕುಯ್ ಅಂತ ಬಡ್ಕೊಂಡಿರುತ್ತೆ, ಪಾಪ. ನಾಯಿಮರಿ ಆಗಿದ್ರೆ ಕಚ್ಚಾದ್ರೂ ಎಬ್ಬಿಸ್ತಿತ್ತು."

ಅವನು ಹಳೆಯ ದಾಖಲೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತ. ಮೂರು ಸ್ಪರ್ಧೆಗಳಲ್ಲಿ ಅವನು ನೋಡಿಕೊಂಡ ಹಲಗೆಯ ಮೇಲೆ ಬೇರೆಯವರು ಹಾರಿಸಿದ್ದು ಆರುನೂರ ಹತ್ತು ಗುಂಡು, ಎಲ್ಲವೂ ಕೇಳಿಸಿದ್ದವು. ಗಡಿಯಾರದವರದು ಎಪ್ಪತ್ತು, ಅದರಲ್ಲಿ ಏಳು ಕೇಳಿಸಿರಲಿಲ್ಲ. ಕಿವಿ ಕೆಟ್ಟಿದ್ದರೆ ಎಲ್ಲರ ಗುಂಡಿಗೂ ಕೆಡಬೇಕಲ್ಲ, ಒಬ್ಬರ ಗುಂಡಿಗೆ ಮಾತ್ರ ಯಾಕೆ ಕೆಡುತ್ತದೆ? ವಾದ ಸರಿಯಾಗಿಯೇ ಇತ್ತು. ಆದರೂ ಯಂತ್ರ ಕುಯ್ಗುಟ್ಟಿದ್ದು ತನಗೆ ಕೇಳಿಸಿರಲಿಲ್ಲ ಎನ್ನುವುದೂ ಅಷ್ಟೇ ಸರಿಯಾಗಿತ್ತು. ಕೇಳದೆ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಭಾನುವಾರ ಬೆಳಗ್ಗೆ ತುಂತುರು ಬಿದ್ದು ನಿಂತಿತ್ತು. ಕಾರ್ಯದರ್ಶಿ ಗುಂಡು ಹಾರಿಸುವ ಜಾಗದಿಂದ ಇನ್ನೂರು ಮೀಟರ್ ದೂರದಲ್ಲಿ ಎರಡು ಗಳ ನೆಟ್ಟು, ಅವುಗಳ ನಡುವೆ ಅಗಲವಾದ ಬಿಳಿ ಕಾಗದವನ್ನು ತಲೆಗಿಂತ ಎತ್ತರದಲ್ಲಿ ಕಟ್ಟಿಸಿದ್ದರು. ದೂರದ ಗುರಿಗೆ ಹೊರಟ ಗುಂಡು ಮೊದಲು ಕಮಾನಿನಂತೆ ಮೇಲೇರುತ್ತದೆ, ಅದಕ್ಕೆ. ಇಡಿಯಾಗಿ ಹೋದ ಗುಂಡು ಆ ಕಾಗದದಲ್ಲಿ ಪೆನ್ಸಿಲ್ ಚುಚ್ಚಿದಂಥ ತೂತು ಬಿಡಬೇಕು. ಒಡೆದದ್ದು ಏನು ಬಿಡುತ್ತದೋ ನೋಡಬೇಕು. ಗಡಿಯಾರದವರು, ಭಾವಮೈದುನ, ಕಾರ್ಯದರ್ಶಿ ಆ ತುದಿಯಲ್ಲಿ. ಗಂಡ ಹೆಂಡತಿ ಈ ತುದಿಯ ಕಂದಕದಲ್ಲಿ. ನಡುವೆ ಒಂದು ಟೆಲಿಫೋನು. ಎರಡು ಸರದಿ, ಹತ್ತತ್ತು ಗುಂಡು. ಮಾರ್ಕರನಿಗೆ ಬೇರೇನೂ ಹೇಳುವುದಿಲ್ಲ ಎಂದು ಮೊದಲೇ ಮಾತಾಗಿತ್ತು.

ಮೊದಲ ಸರದಿಯಲ್ಲಿ ಚಟ್ ಎನ್ನುವುದು ಎಂದಿನ ಹಾಗೆಯೇ ಗೋಡೆಗೆ ಬಡಿದು ಬಂತು. ನಾಲ್ಕನೆಯದು, ಎಂಟನೆಯದು, ಒಂಬತ್ತನೆಯದು ಬರೀ ಧಬ್. "ಬರಲಿಲ್ಲ" ಎಂದು ಅವನು ಮೂರು ಸಲ ಫೋನಿಗೆ ಹೇಳಿದ. ಹೆಂಡತಿಯ ಕಡೆ ನೋಡಿದಾಗ ಅವಳೂ ಇಲ್ಲವೆಂದು ತಲೆಯಾಡಿಸಿದಳು. ಅವನ ಎದೆ ಹಗುರವಾಯಿತು.

ಆ ತುದಿಯಲ್ಲಿ ಕಾಗದ ಬದಲಾಯಿಸಲು ಹತ್ತು ನಿಮಿಷ ಹಿಡಿಯಿತು. ಎರಡನೆಯ ಸರದಿಯ ಮೊದಲ ಗುಂಡು ಬಂದಾಗ ಬಂತಣ್ಣ ತಲೆಯೆತ್ತಿ ನೋಡಿದ. ತೂತು ಬಿದ್ದಿತ್ತು, ಆದರೆ ಚಟ್ ಎಂದಿನಂತಿರಲಿಲ್ಲ. ಒದ್ದೆ ಬಟ್ಟೆ ಒದರಿದ ಹಾಗೆ ಮೆತ್ತಗೆ. ಎರಡನೆಯದೂ ಹಾಗೆಯೇ. ಬೆರಳಿಂದ ಕಿವಿ ತಿಕ್ಕಿಕೊಂಡ. ಮೂರು, ನಾಲ್ಕು, ಐದು. ಬಂತು, ಬಂತು, ಬಂತು. ಆರನೆಯದಕ್ಕೆ ಬರೀ ಧಬ್ ಎಂದಿತು. ಚೌಕಟ್ಟು ಇಳಿಸಿ ನೋಡಿದ. ಹೊಸ ತೂತಿರಲಿಲ್ಲ. ಒದ್ದೆ ಗುಡ್ಡೆಯ ಮೇಲೆ ಮಣ್ಣೂ ಹಾರಿರಲಿಲ್ಲ.

"ಆರನೆಯದು ಬರಲಿಲ್ಲ," ಎಂದು ಫೋನಿಗೆ ಹೇಳಿ ತಿರುಗಿದ.

ಹೆಂಡತಿ ಕತ್ತು ಎಡಕ್ಕೆ ಹೊರಳಿಸಿ ಗುಡ್ಡೆಯ ಆ ತುದಿಯನ್ನು ನೋಡುತ್ತಿದ್ದಳು, ಹಾರಿಹೋದ ಹಕ್ಕಿಯ ಜಾಡು ಹಿಡಿದವರಂತೆ. ಅವನು ನೋಡಿದ್ದು ತಿಳಿದ ಕೂಡಲೇ ಕತ್ತರಿ ಕೈಗೆತ್ತಿಕೊಂಡು ತೇಪೆ ಕತ್ತರಿಸತೊಡಗಿದಳು. ತೇಪೆಗಳು ಆಗಲೇ ಬೇಕಾದಷ್ಟಿದ್ದವು.

"ಏನಾದ್ರೂ ಕೇಳಿಸ್ತಾ?"

"ನನ್ನ ಕೇಳ್ಬೇಡಿ. ಇವತ್ತು ಕೇಳಿಸ್ಕೊಳ್ಳೋ ಕೆಲ್ಸ ನಿಮ್ದು."

"ಹೇಳೇ."

ಅವಳು ಕತ್ತರಿ ಕೆಳಗಿಟ್ಟಳು. "ಎಡಗಡೆ ಹೋಯ್ತು ರೀ. ಚಟ್ ಅನ್ಲಿಲ್ಲ. ಬರೀ ಸುಯ್ ಅಂತು, ಸಣ್ಣಗೆ. ನಂಗೇ ಅನುಮಾನ ಬರೋ ಅಷ್ಟು ಸಣ್ಣಗೆ." ಫೋನಿನ ಕಡೆ ನೋಡಿ ಹೇಳಿದಳು, "ಅವರ್ಯಾರಿಗೂ ಗೊತ್ತಾಗಲ್ಲ."

ಗೊತ್ತಾಗುವುದಿಲ್ಲ ಎನ್ನುವುದು ನಿಜ. ಆಗ ಅವನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಎರಡನೆಯ ಸರದಿಗೆ ಮದ್ದು ಕಡಿಮೆ ಹಾಕಿದ್ದಾರೆ. ವೇಗ ತಗ್ಗಿಸಿದರೆ ಜಾಕೆಟ್ ತಾಳುತ್ತದೆಯೇ ಎಂದು ನೋಡುತ್ತಿದ್ದಾರೆ. ವೇಗ ತಗ್ಗಿದ್ದರಿಂದಲೇ ಚಟ್ ಮೆತ್ತಗಾಗಿದೆ. ಒಂದು ಗುಂಡು ಇನ್ನೂ ನಿಧಾನವಾಗಿ, ಶಬ್ದದ ವೇಗಕ್ಕಿಂತ ಕೆಳಗಿಳಿದು, ಓಲಾಡಿಕೊಂಡು ಪಕ್ಕಕ್ಕೆ ಹೋಗಿದೆ. ಅಂಥ ಗುಂಡಿನ ಸುಯ್ ಎನ್ನುವ ಸದ್ದನ್ನು ಹತ್ತು ವರ್ಷದ ಹಿಂದೆ ಅವನು ಕಣ್ಣು ಮುಚ್ಚಿ ಗುರುತಿಸುತ್ತಿದ್ದ.

ಸುಮ್ಮನಿದ್ದರೆ ಏನಾಗುತ್ತದೆ ಎಂದೂ ಯೋಚಿಸಿದ. ಇನ್ನೂರು ಮೀಟರಿನ ಕಾಗದದಲ್ಲಿ ಹತ್ತೂ ತೂತು ಚೊಕ್ಕವಾಗಿರುತ್ತವೆ. ಆರನೆಯದು ಬರಲಿಲ್ಲ ಎಂದು ತಾನು ಹೇಳಿಯಾಗಿದೆ. ಹಾಗಾದರೆ ಅದು ಕಾಗದ ದಾಟಿದ ಮೇಲೆ ಒಡೆದಿದೆ, ವೇಗ ತಗ್ಗಿಸಿದರೂ ಪ್ರಯೋಜನವಿಲ್ಲ ಎಂದು ಅವರು ತಿಳಿಯುತ್ತಾರೆ. ಗಡಿಯಾರದವರು ಸಿಕ್ಕಿದ ಪರಿಹಾರವನ್ನು ಕೈಯಾರೆ ಬಿಸಾಡುತ್ತಾರೆ. ಭಾವಮೈದುನನ ತಲೆಗೆ ಅವನು ಮಾಡದ ತಪ್ಪೂ ಒಂದು ಸೇರಿಕೊಳ್ಳುತ್ತದೆ. ತನ್ನ ಕಿವಿ ಮಾತ್ರ ಗಟ್ಟಿ ಎನಿಸಿಕೊಳ್ಳುತ್ತದೆ.

ಫೋನ್ ಎತ್ತಿದ.

"ಸಾರ್, ಆರನೇದು ತಿದ್ಕೊಳ್ಳಿ. ಗುಂಡು ಇಡಿಯಾಗೇ ಬಂತು. ಎಡಕ್ಕೆ ತಪ್ಪಿತು. ನಂಗೆ ಕೇಳಿಸ್ಲಿಲ್ಲ. ಇವಳಿಗೆ ಕೇಳಿಸ್ತು."

"ಬರ್ಕೊಂಡೆ," ಎಂದರು ಕಾರ್ಯದರ್ಶಿ. "ಮುಂದಿನ ನಾಲ್ಕು ಹಾರಿಸ್ತೀವಿ." ನಾಲ್ಕೂ ಬಂದವು. ಕೂಗಿದ್ದು ಅವನೇ, ಆದರೆ ತೂತು ನೋಡಿ ಕೂಗಿದ.

ಟೀ ಕೋಣೆಯ ಮೇಜಿನ ಮೇಲೆ ಎರಡೂ ಕಾಗದ ಹಾಸಿದರು. ಮೊದಲನೆಯದರಲ್ಲಿ ಏಳು ಚೊಕ್ಕ ತೂತು. ಉಳಿದ ಮೂರು ಕಡೆ ಬೂದುಬಣ್ಣದ ಮಸಿ, ಸುತ್ತ ಸೂಜಿಮೊನೆಯಂಥ ಚುಕ್ಕೆಗಳು. ಒಂದು ಕಡೆ ಉಗುರಿನಷ್ಟು ತಾಮ್ರದ ಚೂರು ಕಾಗದಕ್ಕೇ ಕಚ್ಚಿಕೊಂಡಿತ್ತು. ಎರಡನೆಯದರಲ್ಲಿ ಹತ್ತೂ ಚೊಕ್ಕ. ಭಾವಮೈದುನ ತಾಮ್ರದ ಚೂರನ್ನು ಚಿಮಟದಲ್ಲಿ ಬಿಡಿಸಿಕೊಂಡು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಒಳಮೈಗೆ ಸೀಸ ಕರಗಿ ಅಂಟಿದೆ," ಎಂದ ಕೊನೆಗೆ. "ಗುಂಡು ಉದ್ದ ಮಾಡಿದೆ, ಜಾಕೆಟ್ಟು ಹಳೇದೇ ಇಟ್ಟೆ. ದಪ್ಪ ಮಾಡ್ಬೇಕಿತ್ತು."

"ನನ್ನ ಬ್ಯಾರೆಲ್ ಒಳಗೂ ನೋಡಿ ಸ್ವಲ್ಪ," ಎಂದರು ಗಡಿಯಾರದವರು. ಕಾರ್ಯದರ್ಶಿ ತಂತಿಯ ತುದಿಗಿದ್ದ ಪುಟ್ಟ ಕ್ಯಾಮೆರಾ ಇಳಿಸಿದರು. ಗುಂಡು ಹೊರಡುವ ಜಾಗದಲ್ಲಿ ಉಕ್ಕು ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಎರಡೂವರೆ ಸಾವಿರ ಗುಂಡು ಕಂಡ ಬ್ಯಾರೆಲ್ಲು. ಗುಂಡು ಇನ್ನೂ ಕರಾರುವಾಕ್ಕಾಗಿ ಬೀಳುತ್ತಿದ್ದುದರಿಂದ ಆಕೆ ಬದಲಾಯಿಸಿರಲಿಲ್ಲ. ಆ ಬಿರುಕು ತೆಳುವಾದ ತಾಮ್ರವನ್ನು ಉಜ್ಜಿ ಕಾಯಿಸುತ್ತದೆ, ಒಳಗಿನ ಸೀಸ ಮೆತ್ತಗಾಗುತ್ತದೆ, ನಿಮಿಷಕ್ಕೆ ಎರಡೂವರೆ ಲಕ್ಷ ಸುತ್ತು ತಿರುಗುವ ಗುಂಡು ತನ್ನ ತಿರುಗಾಟಕ್ಕೆ ತಾನೇ ಸೀಳಿಹೋಗುತ್ತದೆ.

"ಗಡಿಯಾರ ಸರಿಯಾಗಿ ನಡೀತಿದೆ ಅಂತ ಯಾರಾದ್ರೂ ಬಿಚ್ಚದೆ ಇಟ್ರೆ ನಾನೇ ಬೈತೀನಿ," ಎಂದರು ಆಕೆ. ಬಂತಣ್ಣನ ಕಡೆ ತಿರುಗಿ, "ಅಣ್ಣ, ಆರನೇದನ್ನ ನೀವು ತಿದ್ದದೆ ಇದ್ದಿದ್ರೆ ನಾನು ಇದನ್ನ ಬಿಚ್ಚಿ ನೋಡ್ತಿರ್ಲಿಲ್ಲ. ವೇಗ ತಗ್ಗಿಸಿದ್ರೂ ಒಡೀತು ಅಂತ ಎಲ್ಲಾ ಗುಂಡಿನ ಮೇಲೆ ಹಾಕಿ ಸುಮ್ಮನಾಗಿಬಿಡ್ತಿದ್ದೆ."

ಭಾವಮೈದುನ ಅಕ್ಕನ ಲೋಟಕ್ಕೆ ಟೀ ಬಗ್ಗಿಸಿದ, ಭಾವನದಕ್ಕೂ ಬಗ್ಗಿಸಿದ.

ಬಂತಣ್ಣನೇ ವಿಷಯ ತೆಗೆದ. "ಮೂರು ಸರಿ ಹೇಳ್ದೆ, ಒಂದು ತಪ್ಪಾಯ್ತು. ಹಿರಿಯ ಮಾರ್ಕರ್ ಕೆಲ್ಸದಲ್ಲಿ ಒಂದೂ ತಪ್ಪೋ ಹಾಗಿಲ್ಲ ಸಾರ್. ಬೇರೆಯವರನ್ನ ನೋಡ್ತೀನಿ ಅಂದಿದ್ರಿ. ದೂರ ಹುಡುಕೋದು ಬೇಡ. ಇವಳಿದ್ದಾಳೆ."

"ಅಯ್ಯೋ, ನಂಗೇನು ಬರುತ್ತೆ," ಎಂದಳು ಹೆಂಡತಿ.

"ಕೇಳ್ಸುತ್ತಲ್ಲ."

ಕಾರ್ಯದರ್ಶಿ ಎಂದಿನಂತೆ ನೋಡೋಣ, ಮಾಡೋಣ, ಸಮಿತಿಯ ಮುಂದಿಡೋಣ ಎಂದರು. ಆದರೆ ಮನೆಗೆ ಹೊರಡುವ ಮುಂಚೆ ದಾಖಲೆ ಪುಸ್ತಕ ತೆಗೆದು ಮುಂದಿನ ಸ್ಪರ್ಧೆಯ ಪುಟದಲ್ಲಿ ಮಾರ್ಕರ್ ಎಂಬಲ್ಲಿ ಅವಳ ಹೆಸರು ಬರೆದರು. ಅದರ ಕೆಳಗೆ, ಚೌಕಟ್ಟು ಎಳೆಯುವವರು ಎಂಬಲ್ಲಿ, ಅವನದು.

ಮುಂದಿನ ತಿಂಗಳು ಹೊಸ ಬ್ಯಾರೆಲ್ಲು, ದಪ್ಪ ಜಾಕೆಟ್ಟಿನ ಹೊಸ ಗುಂಡು, ಪೂರ್ತಿ ಮದ್ದು. ಗಡಿಯಾರದವರ ಇಪ್ಪತ್ತೂ ತಲುಪಿದವು. ಬಂತಣ್ಣ ಕಿವಿಗೆ ದಪ್ಪ ರಕ್ಷಣೆ ಹಾಕಿಕೊಂಡು, ಹಗ್ಗ ಹಿಡಿದು, ಹೆಂಡತಿಯ ಬಾಯನ್ನೇ ನೋಡುತ್ತ ನಿಂತಿದ್ದ. ಹೊಸ ಕೆಲಸದ ಸಂಕೋಚಕ್ಕೆ ಅವಳ ದನಿ ಮೊದಲ ಹತ್ತು ಗುಂಡಿನವರೆಗೂ ಗಂಟಲು ದಾಟಲಿಲ್ಲ.

"ಸ್ವಲ್ಪ ಜೋರಾಗಿ ಹೇಳೇ," ಎಂದ ಅವನು. "ನಂಗೆ ಕೇಳಿಸಲ್ಲ."

ಈ ಮಾತನ್ನು ಅವನು ತಾನಾಗಿ ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಅವನನ್ನೊಮ್ಮೆ ನೋಡಿದಳು.

"ಮನೇಲಿ ಇಷ್ಟು ವರ್ಷ ಜೋರಾಗೇ ಹೇಳ್ತಿದ್ದೆ," ಎಂದಳು. "ಈಗ ಅದಕ್ಕೆ ಸಂಬಳಾನೂ ಕೊಡ್ತಾರೆ, ನೋಡಿ." ತಲೆಯ ಮೇಲೆ ಮುಂದಿನ ಗುಂಡು ಬಂತು. ಕಂದಕದ ಆ ತುದಿಗೂ ಕೇಳುವ ಹಾಗೆ ಅವಳು ಕೂಗಿದಳು, ಅವನು ಹಗ್ಗ ಎಳೆದ.